ಎಡಸೊಂಟದ ಕೆಂಪು ಗುರುತು

ಆಗಸ್ಟ್ 18, ಸೋಮವಾರ

ಕ್ಷಮಿಸಿ. ಬರೆದಿಡುವಂಥ ಬದುಕೇನೂ ಅಲ್ಲ ನನ್ನದು, ಆದರೂ ಬರೆಯುತ್ತಿದ್ದೇನೆ. ಯಾರ ಹತ್ತಿರ ಕ್ಷಮೆ ಕೇಳುತ್ತಿದ್ದೇನೋ ಗೊತ್ತಿಲ್ಲ. ಹೊಳಲ್ಕೆರೆಯ ಹಾಸ್ಟೆಲ್ ಶಾಲೆಯಲ್ಲಿ ದಿನಚರಿ ಬರೆಸುತ್ತಿದ್ದರು. ಶನಿವಾರ ವಾರ್ಡನ್ ಓದಿ ಟಿಕ್ ಹಾಕುತ್ತಿದ್ದರು. ಹಾಗಾಗಿ 'ಇಂದು ಉಪ್ಪಿಟ್ಟು ಚೆನ್ನಾಗಿತ್ತು' ಅಂತ ವರ್ಷಗಟ್ಟಲೆ ಬರೆದೆ. ಉಪ್ಪಿಟ್ಟು ಒಂದು ದಿನವೂ ಚೆನ್ನಾಗಿರಲಿಲ್ಲ. ಇದನ್ನು ಯಾರೂ ಓದುವುದಿಲ್ಲ, ಆದರೂ ಕೈ ಮೊದಲು ಕ್ಷಮೆಯನ್ನೇ ಬರೆಯುತ್ತದೆ.

ವಿಷಯ ಇಷ್ಟು. ನಾನು ಮತ್ತು ಸಬಾ ಇನ್‌ಸ್ಟಾಗ್ರಾಂನಲ್ಲಿ 'ಕಪ್ಪಂಗಿ' ಅಂತ ಒಂದು ಪೇಜ್ ಮಾಡಿದ್ದೇವೆ. ಸಬಾ ನನ್ನ ಕ್ಲಾಸಿನವಳು, ಬಿ.ಕಾಂ. ಮೊದಲ ವರ್ಷ, ಚಿತ್ರದುರ್ಗದವಳೇ, ಮನೆಯಿಂದ ಓಡಾಡುತ್ತಾಳೆ. ನಾನು ಇಲ್ಲೂ ಹಾಸ್ಟೆಲ್ಲೇ. ಕಪ್ಪು ಕಾಟನ್ ಟೀ ಶರ್ಟಿಗೆ ಕೇಳಿದವರು ಕೇಳಿದ್ದನ್ನು ಪ್ರಿಂಟ್ ಹಾಕಿಸಿ ಕಳಿಸುವುದು ನಮ್ಮ ಕೆಲಸ. ಇದುವರೆಗೆ ಕೊಂಡವರೆಲ್ಲ ಸಬಾಳ ಕಸಿನ್‌ಗಳು. ಇವತ್ತು ಪರಿಚಯವೇ ಇಲ್ಲದವರಿಂದ ಮೊದಲ ಆರ್ಡರ್ ಬಂತು. ಬಾಗೂರಿನ ವಾಲಿಬಾಲ್ ಟೀಮ್, ಹನ್ನೆರಡು ಅಂಗಿ. ಸೆಪ್ಟೆಂಬರ್ 14ರ ಭಾನುವಾರ ಹೊಸದುರ್ಗದಲ್ಲಿ ಅವರ ಟೂರ್ನಮೆಂಟ್. ಎದೆಯ ಮೇಲೆ ಊರ ಹೆಸರು ಬೇಕಂತೆ, ಮಿಕ್ಕ ಡಿಸೈನ್ ನಮ್ಮಿಷ್ಟ.

ಕ್ಯಾಪ್ಟನ್ ಹೆಸರು ಹರೀಶ್. ಎರಡು ಸಲ ಫೋನ್ ಮಾಡಿದ. ರಿಂಗ್ ಆಗುವಷ್ಟು ಹೊತ್ತೂ ಫೋನನ್ನು ದಿಂಬಿನ ಕೆಳಗಿಟ್ಟು ಮೇಲೆ ಕುಳಿತಿದ್ದೆ. ಆಮೇಲೆ 'ಸಾರಿ, ಕ್ಲಾಸ್ ಇತ್ತು, ಸಾರಿ' ಅಂತ ಮೆಸೇಜ್ ಹಾಕಿದೆ. ಕ್ಲಾಸ್ ಇರಲಿಲ್ಲ. ಗೊತ್ತಿಲ್ಲದವರ ಧ್ವನಿ ಕೇಳಿದರೆ ನನಗೆ ಕನ್ನಡವೂ ಬರುವುದಿಲ್ಲ, ಇಂಗ್ಲಿಷೂ ಬರುವುದಿಲ್ಲ.

"ಫೋನ್ ಎತ್ತಿದ್ರೆ ಅವನೇನು ಅದರೊಳಗಿಂದ ಬಂದು ಕಚ್ತಾನೇನೇ?" ಅಂದಳು ಸಬಾ.

ಈ ಅಂಗಿಗಳು ಚೆನ್ನಾಗಿ ಬರಬೇಕು. ಬಂದೇ ಬರಬೇಕು. ಸಾರಿ, ಇಷ್ಟೇ.

ಆಗಸ್ಟ್ 20, ಬುಧವಾರ

ಯಾವ ಪ್ರಿಂಟ್ ಅನ್ನುವುದೇ ಪ್ರಶ್ನೆ. ಯೂಟ್ಯೂಬಿನಲ್ಲಿ ನೋಡಿದಷ್ಟೂ ಕನ್‌ಫ್ಯೂಸ್. ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ತೆಗಳುತ್ತಾನೆ, ಇಬ್ಬರೂ ಕೊನೆಗೆ ಮಷೀನ್ ಮಾರುತ್ತಾರೆ.

ನನಗೆ ಅರ್ಥವಾದಷ್ಟು ಬರೆದಿಡುತ್ತೇನೆ. ಸಬ್ಲಿಮೇಷನ್ ನಮಗೆ ಆಗುವುದಿಲ್ಲ. ಅದು ತಿಳಿ ಬಣ್ಣದ ಪಾಲಿಯೆಸ್ಟರ್ ಬಟ್ಟೆಗೆ, ಕಪ್ಪು ಕಾಟನ್ ಮೇಲೆ ಹಾಕಿದರೆ ಕತ್ತಲೆಯಲ್ಲಿ ಕಾಡಿಗೆ ಹಚ್ಚಿದಂತೆ. ವಿನೈಲ್ ಅಂದರೆ ಅಕ್ಷರಗಳನ್ನು ಹಾಳೆಯಿಂದ ಕತ್ತರಿಸಿ ಬಿಸಿಯಲ್ಲಿ ಒತ್ತುವುದು. ಡಿಟಿಜಿ ಅಂದರೆ ಪ್ರಿಂಟರು ಕಾಗದದ ಮೇಲೆ ಹೊಡೆದ ಹಾಗೆ ಸೀದಾ ಬಟ್ಟೆಯ ಮೇಲೇ ಹೊಡೆಯುತ್ತದೆ, ಮುಟ್ಟಿದರೆ ಮೆತ್ತಗಿರುತ್ತದೆ, ಆದರೆ ಬೆಂಗಳೂರಿಗೆ ಕಳಿಸಬೇಕು. ಡಿಟಿಎಫ್‌ನಲ್ಲಿ ಚಿತ್ರವನ್ನು ಮೊದಲು ಒಂದು ಫಿಲ್ಮಿನ ಮೇಲೆ ತೆಗೆದು, ಹಿಂದೆ ಅಂಟಿನ ಪುಡಿ ಹಾಕಿ, ಆಮೇಲೆ ಬಟ್ಟೆಗೆ ಬಿಸಿಯಲ್ಲಿ ಒತ್ತುತ್ತಾರೆ. ಹಿರಿಯೂರಿನಲ್ಲಿ ದೀಪಾ ಅಂತ ಒಬ್ಬರು ಇದರ ಮಷೀನ್ ಹಾಕಿದ್ದಾರೆ. ಇನ್ನೊಂದು ಹಳೆಯ ಸ್ಕ್ರೀನ್ ಪ್ರಿಂಟ್. ಸಬಾಳ ಸೋದರಮಾವ ತಾಜುದ್ದೀನ್ ಅವರದು ಸಂತೆ ಹೊಂಡದ ಹಿಂದಿನ ಗಲ್ಲಿಯಲ್ಲಿ ಇದೇ ಅಂಗಡಿ. ಮದುವೆಯ ಕೈಚೀಲ, ಬ್ಯಾನರ್, ಶಾಲೆಯ ಬನಿಯನ್, ಎಲ್ಲ ಅಲ್ಲೇ.

ಸಂಜೆ ಅವರ ಹತ್ತಿರ ಹೋದೆವು. ಮರದ ಚೌಕಟ್ಟಿಗೆ ಬಿಗಿದ ಜಾಲರಿಯ ಮೇಲೆ ಬಣ್ಣ ಸುರಿದು ಒಂದೇ ಸಲ ಎಳೆದರು. ಕೆಳಗಿನ ಚೀಲದ ಮೇಲೆ ಗಣೇಶ ಮೂಡಿದ.

"ನೋಡು ಬೇಟಾ, ಸ್ಕ್ರೀನ್ ಅಂದ್ರೆ ಬಟ್ಟೆಗೆ ಬಣ್ಣ ಕುಡಿಸೋದು. ಮಿಕ್ಕಿದ್ದೆಲ್ಲ ಸ್ಟಿಕ್ಕರು."

"ನಿಮ್ಮ ಹತ್ರ ಬೇರೆ ಮಷೀನ್ ಇಲ್ವಲ್ಲ ಮಾಮೂ, ಅದಕ್ಕೇ ಹಂಗಂತೀರ" ಅಂದಳು ಸಬಾ.

ಅವರು ನಕ್ಕು ಚಹಾ ತರಿಸಿದರು. ಒಂದೇ ತೊಂದರೆ. ಒಂದು ಚಿತ್ರಕ್ಕೆ, ಒಂದು ಬಣ್ಣಕ್ಕೆ ಒಂದೊಂದು ಜಾಲರಿ ಕಟ್ಟಬೇಕು. ಒಂದೇ ಚಿತ್ರ ನೂರು ಅಂಗಿಗಾದರೆ ಸಲೀಸು. ಹತ್ತು ಅಂಗಿಗೆ ಹತ್ತು ಚಿತ್ರವಾದರೆ ಅವರು ಕೈಮುಗಿಯುತ್ತಾರೆ. ನಮ್ಮದು ಒಂದೇ ಚಿತ್ರ, ತೊಂದರೆಯಿಲ್ಲ.

ನಾನು ಯಾರ ಮಾತೂ ನಂಬುವುದಿಲ್ಲ. ಒಂದೊಂದರಲ್ಲೂ ಒಂದು ಸ್ಯಾಂಪಲ್ ಹಾಕಿಸುತ್ತೇನೆ. (ಇದನ್ನು ತಾಜುದ್ದೀನ್ ಮಾಮು ಮುಂದೆ ಹೇಳಲಿಲ್ಲ. ಬೇಜಾರಾಗುತ್ತಿತ್ತು.)

ಆಗಸ್ಟ್ 24, ಭಾನುವಾರ

ವಿಡಿಯೊದವರೆಲ್ಲ ವಾಷಿಂಗ್ ಮಷೀನಿಗೆ ಹಾಕಿ ತೋರಿಸುತ್ತಾರೆ. ತಣ್ಣೀರು, ಒಳಗಿನ ಮಗ್ಗುಲು ಹೊರಗೆ, ನೆರಳಿನಲ್ಲಿ ಒಣಗಿಸಿ ಅಂತ. ಬಾಗೂರಿನಲ್ಲಿ ಯಾರ ಮನೆಯಲ್ಲಿ ಹಾಗೆ ಒಗೆಯುತ್ತಾರೆ? ನಮ್ಮ ಅವ್ವನ ಕೈಗೆ ಒಂದು ಅಂಗಿ ಕೊಟ್ಟರೆ ಮೊದಲು ಕಲ್ಲಿಗೆ ಬಡಿಯುತ್ತಾಳೆ, ಆಮೇಲೆ ಅದು ಯಾರದು ಅಂತ ಕೇಳುತ್ತಾಳೆ.

ಅದಕ್ಕೆ ಹಾಸ್ಟೆಲಿನ ಹಿಂದೆ ಒಗೆಯುವ ಕಲ್ಲಿನ ಮೇಲೆ ನಾಲ್ಕು ಸ್ಯಾಂಪಲ್ ಹಾಕಿಕೊಂಡು ಕುಳಿತೆ. ಬಾರ್ ಸೋಪು, ಗಟ್ಟಿ ಬ್ರಷ್ಷು. ಒಗೆದು, ಬಿಸಿಲಲ್ಲಿ ಹರಡಿ, ಒಣಗಿದ ಮೇಲೆ ಮತ್ತೆ ಒಗೆಯುವುದು. ಪಕ್ಕದ ರೂಮಿನವರು ಮೊದಲು ನಕ್ಕರು, ಆಮೇಲೆ ತಾವೂ ಒಂದೊಂದು ಇಸಿದುಕೊಂಡು ಬಡಿದರು. ಪರೀಕ್ಷೆಯ ಸಿಟ್ಟು ಇತ್ತು ಅನ್ನಿಸುತ್ತದೆ.

ವಿನೈಲ್ ಮಧ್ಯಾಹ್ನದೊಳಗೇ ಸತ್ತಿತು, ಅಕ್ಷರದ ಬಾಲ ಎದ್ದು ನಿಂತಿತು. ಡಿಟಿಜಿ ಕಳಚಲಿಲ್ಲ, ಆದರೆ ಜ್ವರ ಬಂದವರ ಮುಖದ ಹಾಗೆ ಬಿಳಿಚಿಕೊಂಡಿತು. ಡಿಟಿಎಫ್ ಬಣ್ಣ ಹಾಗೇ ಇತ್ತು, ಒಂದು ಮೂಲೆ ಮಾತ್ರ ಉಗುರಿಗೆ ಸಿಕ್ಕಿತು. ಒಂದು ಮೂಲೆ ಸಿಕ್ಕರೆ ಹುಡುಗರ ಕೈ ಸುಮ್ಮನಿರುತ್ತದೆಯೇ? ಸ್ಕ್ರೀನ್ ಅಲುಗಾಡಲಿಲ್ಲ.

ಸಬಾಳಿಗೆ ಫೋಟೊ ಕಳಿಸಿ 'ಸ್ಕ್ರೀನ್. ಸಾರಿ, ನಿನಗೆ ಓಕೆ ತಾನೇ?' ಅಂತ ಕೇಳಿದೆ. 'ಅದಕ್ಯಾಕೆ ಸಾರಿ ಕೇಳ್ತೀಯ' ಅಂತ ಬರೆದಳು.

ಆಗಸ್ಟ್ 30, ಶನಿವಾರ

ಡಿಸೈನ್ ಆಯಿತು. ಬರೆಯಲು ನನಗೇ ನಾಚಿಕೆ, ಆದರೆ ಚೆನ್ನಾಗಿದೆ.

ಎದೆಯ ಮೇಲೆ ಬಿಳಿಯಲ್ಲಿ 'ಬಾಗೂರು'. ಬೆನ್ನು ಖಾಲಿ. ಬೆನ್ನಿನ ಕೆಳಗೆ, ಎಡಸೊಂಟದ ಹತ್ತಿರ, ಅಂಗೈಯಗಲದ ಒಂದು ಕೆಂಪು ಗುರುತು: ಅರ್ಧ ಬಳೆ, ಅದರೊಳಗೆ ಎರಡು ಚುಕ್ಕೆ. ಇನ್ನು ಮೇಲೆ ಕಪ್ಪಂಗಿಯ ಎಲ್ಲ ಅಂಗಿಗೂ ಇದೇ ನಮ್ಮ ಲೋಗೊ. ಯಾವ ಕಂಪನಿಯೂ ಲೋಗೊವನ್ನು ಅಲ್ಲಿ ಹಾಕುವುದಿಲ್ಲ. ತುಂಬಾ ಡಿಫರೆಂಟ್.

ಅದು ಅಪ್ಪನ ಕುರಿಗಳ ಮೇಲಿರುವ ಗುರುತು. ಅಪ್ಪ ಮುದ್ದಣ್ಣ, ಬಾಗೂರಿನ ಕಡೆಯದೇ ಮತ್ತೋಡಿನಲ್ಲಿ ಕುರಿ ಸಾಕುತ್ತಾನೆ. ನಾನು ಆರನೇ ವಯಸ್ಸಿಗೇ ಹಾಸ್ಟೆಲ್ ಸೇರಿದವಳು. ರಜೆಗೆ ಹೋಗುವಾಗ ಬಸ್ಸಿನ ಕಿಟಕಿಗೆ ಮೂಗು ಒತ್ತಿ ಕೂರುತ್ತಿದ್ದೆ. ಹೊಲದ ಕೊನೆಯಲ್ಲಿ ಎಲ್ಲೋ ಕರಿ ಕುರಿಯ ಮೇಲೆ ಆ ಕೆಂಪು ಕಂಡರೆ ಮನೆ ಬಂತು ಅಂತ. ಬೇರೆ ಮಕ್ಕಳಿಗೆ ಮನೆ ಅಂದರೆ ಬಾಗಿಲು, ಅಂಗಳ ನೆನಪಾಗುತ್ತದಂತೆ. ನನಗೆ ಇದು.

ತಾಜುದ್ದೀನ್ ಮಾಮು ಜಾಲರಿ ಎತ್ತಿ ನೋಡಿ, "ಇದೇನಮ್ಮ, ಚಂದ್ರಾನಾ?" ಅಂದರು. ಹೂಂ ಅಂದೆ. ವಿವರಿಸಲು ಧೈರ್ಯ ಬರಲಿಲ್ಲ. ಅಂಗಿಗಳು ಹಗ್ಗದ ಮೇಲೆ ಸಾಲಾಗಿ ತೂಗುತ್ತಿದ್ದವು. ಹಿಂದಿನಿಂದ ನೋಡಿದರೆ ಸಂಜೆ ರೊಪ್ಪದ ಬೇಲಿಯೊಳಕ್ಕೆ ಬರುವ ಕುರಿಗಳಂತೆಯೇ ಕಂಡವು. ಎಷ್ಟು ಖುಷಿಯಾಯಿತು ಅಂದರೆ ಒಂದು ಫೋಟೊ ತೆಗೆದು ಮತ್ತೆ ಮತ್ತೆ ನೋಡಿದೆ.

ಸೆಪ್ಟೆಂಬರ್ 3, ಬುಧವಾರ

ಹೊಸದುರ್ಗದ ಬಸ್ಸಿಗೆ ಮೂಟೆ ಹಾಕಿದೆವು. ಕಂಡಕ್ಟರಿಗೆ ಹರೀಶನ ನಂಬರ್ ಕೊಟ್ಟೆವು. ಸ್ಯಾಂಪಲ್ ಅಂತ ಹೆಚ್ಚಿಗೆ ಹಾಕಿಸಿದ್ದ ಇದೇ ಪ್ರಿಂಟಿನ ಅಂಗಿಯೊಂದನ್ನು ನಾನೇ ಇಟ್ಟುಕೊಂಡಿದ್ದೇನೆ.

ಸೆಪ್ಟೆಂಬರ್ 5, ಶುಕ್ರವಾರ

ಬೆಳಿಗ್ಗೆ ಒಂದು ವಾಯ್ಸ್ ನೋಟ್ ಬಂತು. ಯಾರೋ ಬ್ಯಾ ಬ್ಯಾ ಅಂತ ಕುರಿಯ ಹಾಗೆ ಕೂಗಿ ನಗುತ್ತಿದ್ದರು. ತಮಾಷೆ ಅಂದುಕೊಂಡೆ. ಆಮೇಲೆ ಹರೀಶನದು.

"ಇದೇನ್ರಿ ಮೇಡಂ ಮಾಡಿದ್ದೀರಿ? ಇದು ಮತ್ತೋಡಿನ ಮುದ್ದಣ್ಣಂದು ಗುರುತು. ನಾವೇನು ಅವರ ಕುರಿಗಳೇನ್ರಿ?"

'ಅವರು ನಮ್ಮ ತಂದೆ. ಸಾರಿ' ಅಂತ ಟೈಪ್ ಮಾಡಿದೆ. ಅದನ್ನು ಕಳಿಸಬಾರದಿತ್ತು ಅನ್ನಿಸುತ್ತದೆ. ಅಲ್ಲಿಂದ ಮುಂದೆ ಉತ್ತರ ಇಲ್ಲ.

ಊಟ ಬೇಡವಾಗಿದೆ.

ಸೆಪ್ಟೆಂಬರ್ 6, ಶನಿವಾರ

ಅಪ್ಪ ತಾನಾಗಿ ಫೋನ್ ಮಾಡುವುದು ಅಪರೂಪ. ಇವತ್ತು ಮಾಡಿದ.

ನಿನ್ನೆ ಮಧ್ಯಾಹ್ನ ಬಾಗೂರಿನ ಗೋಮಾಳದಲ್ಲಿ ಕುರಿ ಬಿಟ್ಟುಕೊಂಡು ಕುಳಿತಿದ್ದನಂತೆ. ಹರೀಶನ ತಾತ ನಿಂಗಪ್ಪ ಬಂದರಂತೆ. ಅವರದೂ ದೊಡ್ಡ ಹಿಂಡು, ಆ ಕಡೆಯ ಕುರಿಯವರೆಲ್ಲ ಅವರ ಮಾತು ಕೇಳುತ್ತಾರೆ. ಅಂಗಿಯ ಮೂಟೆಯನ್ನು ಅಪ್ಪನ ಮುಂದೆ ಇಟ್ಟು, "ನಿನ್ನ ಗುರುತಿನವು ಕಣಪ್ಪ. ತಪ್ಪಿಸ್ಕಂಡು ನಮ್ಮೂರಿಗೆ ಬಂದಿದ್ವು. ನಿನ್ನ ಹಿಂಡಿಗೆ ಸೇರಿಸ್ಕ" ಅಂದರಂತೆ.

ನೀನೇನಂದೆ ಅಪ್ಪ ಅಂತ ಕೇಳಿದೆ.

"ಏನನ್ಲವ್ವ? ನಮ್ಮ ಗುರುತೇ ಐತಲ್ಲ. ಇಸ್ಕಂಡೆ."

ಆಮೇಲೆ ನಿಧಾನವಾಗಿ ಅಪ್ಪ ಹೇಳಿದ್ದು: ಎರಡು ಹಿಂಡು ಬೆರೆತರೆ ಬೇರೆ ಮಾಡುವುದು ಗುರುತು ನೋಡಿ. ದಾರಿತಪ್ಪಿದ ಕುರಿಯನ್ನು ಗುರುತು ನೋಡಿ ಅವರವರ ರೊಪ್ಪಕ್ಕೆ ಮುಟ್ಟಿಸುತ್ತಾರೆ. ಯಾರ ಗುರುತು ಇದೆಯೋ ಆ ಜೀವ ಅವರದು, ಅದರಲ್ಲಿ ಮಾತಿಲ್ಲ. ಅಂಥದ್ದನ್ನು ನಾನು ಬಾಗೂರಿನ ಕುರಿ ಸಾಕುವವರ ಮನೆಯ ಹುಡುಗರ ಸೊಂಟಕ್ಕೆ ಹೊಡೆಸಿದ್ದೇನೆ. ಅದೂ ಎಡಗಡೆ. ಕುರಿಗೆ ಹಾಕುವಲ್ಲೇ. ಅಪ್ಪನ ಕುರಿ ಬಿಟ್ಟು ಇನ್ನೊಬ್ಬರ ಮೈಮೇಲೆ ಆ ಗುರುತು ಬರಬಾರದು ಅಂತ ನನಗೆ ಹೊಳೆಯಲೇ ಇಲ್ಲ. ನನಗೆ ಅದು ಕಿಟಕಿಯಿಂದ ಕಾಣುವ ಕೆಂಪು, ಅಷ್ಟೇ.

ಅಪ್ಪ ಬೈಯಲಿಲ್ಲ. "ಅವರೇನು ಬರಬ್ಯಾಡ ಅಂದಿಲ್ಲ. ಆ ಕಡೆ ಕುರಿ ಹೊಡಿಯಾಕೆ ನನಗೇ ಮಕ ಇಲ್ಲ" ಅಂದ. ಈ ದಿನಗಳಲ್ಲಿ ಒಳ್ಳೆ ಮೇವಿರುವುದು ಅಲ್ಲೇ. ಅಪ್ಪ ಇಷ್ಟು ವರ್ಷ ಅಲ್ಲಿ ಕುಳಿತು, ಅವರ ಜೊತೆ ಬುತ್ತಿ ಬಿಚ್ಚಿದವನು.

ಸಬಾ ಹೇಳಿದಳು, ಅವರಿಗೆ ಅಡ್ವಾನ್ಸ್ ವಾಪಸ್ ಕಳಿಸಿ ಪೇಜ್ ಮುಚ್ಚಿಬಿಡೋಣ, ಸಾಕು ಅಂತ. ರಾತ್ರಿಯಾಗುವವರೆಗೂ ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಅದರಿಂದ ಅಪ್ಪನಿಗೆ ಏನಾಯಿತು? ಆ ಮಾತು ಗೋಮಾಳದಲ್ಲೇ ಬಿದ್ದಿರುತ್ತದೆ. 14ರ ಭಾನುವಾರ ಆ ಹುಡುಗರು ಅವೇ ಅಂಗಿ ಹಾಕಿಕೊಂಡು ಆಡಬೇಕು. ಆಗ ಮಾತ್ರ ಅದು ಮುಗಿಯುತ್ತದೆ. ಹೊಸ ಬಟ್ಟೆ ತಿರುಪ್ಪೂರಿನಿಂದ ಬರಬೇಕು, ಅಷ್ಟರೊಳಗೆ ಬರುವುದಿಲ್ಲ. ಇರುವುದರಲ್ಲೇ ಆಗಬೇಕು.

ನಾಳೆ ಊರಿಗೆ ಹೋಗುತ್ತೇನೆ.

ಸೆಪ್ಟೆಂಬರ್ 7, ಭಾನುವಾರ

ಹೊಳಲ್ಕೆರೆ ದಾಟುವಾಗ ಹಳೆಯ ಹಾಸ್ಟೆಲ್ ಗೇಟು ಕಂಡಿತು. ಎಂದಿನಂತೆ ಮುಖ ತಿರುಗಿಸಲೂ ನೆನಪಾಗಲಿಲ್ಲ, ತಲೆಯಲ್ಲಿ ಅಂಗಿಗಳೇ ಇದ್ದವು.

ಮನೆಗೆ ಹೋದರೆ ಅವ್ವ ಒಗೆಯುವ ಕಲ್ಲಿನ ಮುಂದೆ ಕುಳಿತಿದ್ದಾಳೆ. ಕೈಯಲ್ಲಿ ನಮ್ಮ ಕಪ್ಪಂಗಿ. ಗುರುತು ಹೋಗುತ್ತದೇನೋ ನೋಡೋಣ ಅಂತ ಮೊದಲು ಸೋಪು, ಆಮೇಲೆ ಬೂದಿ, ಆಮೇಲೆ ಅಪ್ಪನ ಮೊಪೆಡ್ಡಿನಿಂದ ಪೆಟ್ರೋಲ್ ಇಳಿಸಿಕೊಂಡು ಉಜ್ಜಿದ್ದಾಳೆ. ಬಟ್ಟೆ ನವೆದಿದೆ, ಗುರುತು ನಗುತ್ತಿದೆ.

"ಏನ್ ಹಾಕ್ಸಿದೀಯೆ ಇದುಕ್ಕೆ? ನಿಮ್ಮಪ್ಪ ಕುರಿಗೆ ಹಾಕೋದು ಎಲ್ಡು ಮಳಿಗೆ ಹೋತದೆ, ಇದು ಹೋಗವಲ್ದು" ಅಂದಳು.

ನನಗೆ ಅಳು ಬರಬೇಕಿತ್ತು, ನಗು ಬಂತು. ನಾನು ಹುಡುಕಿದ್ದೇ ಹೋಗದ ಪ್ರಿಂಟನ್ನು. ಪೆಟ್ರೋಲಿನ ವಾಸನೆಯ ಆ ಅಂಗಿಯನ್ನು ಅಪ್ಪ ಇಸಿದುಕೊಂಡು ಹಾಕಿಕೊಂಡ. ನಮ್ಮ ಗುರುತಿಂದು ನಮ್ಮ ಮೈಮೇಲೇ ಇರಲಿ ಅಂತ. ಅದರ ಬದಲಿಗೆ ನನ್ನ ಹತ್ತಿರದ ಸ್ಯಾಂಪಲ್ ಇದೆ, ಲೆಕ್ಕ ತಪ್ಪುವುದಿಲ್ಲ.

ರೊಪ್ಪದಲ್ಲಿ ಒಂದು ಹೊಸ ಟಗರು ಕಟ್ಟಿತ್ತು. ಅಪ್ಪ ಹೋದ ತಿಂಗಳು ಕೊಂಡು ತಂದದ್ದು. ಅದರ ಸೊಂಟದ ಮೇಲೆ ಬೇರೆ ಯಾರದೋ ನೀಲಿ ಪಟ್ಟೆ, ಅದರ ಮೇಲೆ ದಪ್ಪಗೆ ನಮ್ಮ ಅರ್ಧ ಬಳೆ. ಹಳೆಯದನ್ನು ಅಳಿಸುವುದಿಲ್ಲವೇ ಅಂತ ಕೇಳಿದೆ.

"ಅಳಿಸಾಕೆ ಯಾಕೆ ಹೋಗ್ಬೇಕು? ಮ್ಯಾಲೆ ನಮ್ದು ಹಾಕಿದ್ರೆ ನಮ್ದಾತು."

ನಾನು ಆ ಟಗರಿನ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ, ಅದೇ ಬೇಜಾರಾಗಿ ಕೊಂಬು ಅಲ್ಲಾಡಿಸಿತು. ಆಮೇಲೆ ಅಪ್ಪನಿಗೆ ಗಾಡಿ ತೆಗೆ, ಬಾಗೂರಿಗೆ ಹೋಗಾಣ ಅಂದೆ. ಪೆಟ್ರೋಲ್ ಎಲ್ಲಿ ಉಳಿಸಿದಾಳೆ ನಿಮ್ಮವ್ವ ಅಂದ. ದಾರಿಯಲ್ಲಿ ಹಾಕಿಸಿಕೊಂಡೆವು.

ನಿಂಗಪ್ಪ ತಾತನ ಜಗಲಿಯಲ್ಲಿ ನಾಲ್ಕಾರು ಜನ ಇದ್ದರು, ಹರೀಶನೂ ಇದ್ದ. ಸಿಟ್ಟಿದ್ದರೂ ಬರ್ರಿ, ಕುಂತ್ಕಳ್ರಿ ಅಂದರು, ನೀರು ಕೊಟ್ಟರು. ಅಪ್ಪ ಮೆಟ್ಟಿಲ ಮೇಲೇ ಕುಳಿತ. ನಾನು ಕುಳಿತುಕೊಳ್ಳಲಿಲ್ಲ. ಕುಳಿತರೆ ಏಳುವುದಿಲ್ಲ ಅನ್ನಿಸಿತು.

"ಇವಳೇನಪ್ಪ ನಿನ್ನ ಓದೋ ಮಗಳು?" ಅಂದರು ತಾತ. "ಗುರುತು ಹಾಕಿದ್ದಾತು. ಇನ್ನ ಉಣ್ಣೆ ಕತ್ತರಿಸೋದು ಯಾವಾಗವ್ವ?"

ಎಲ್ಲರೂ ನಕ್ಕರು. ಅಪ್ಪ ನೆಲ ನೋಡುತ್ತಿದ್ದ. ಅಪ್ಪ ಹಾಗೆ ನೆಲ ನೋಡುವುದನ್ನು ನಾನು ಯಾವತ್ತೂ ಕಂಡಿರಲಿಲ್ಲ.

"ಗುರುತು ಏತಕ್ಕೆ ಅಂತ ನನಗೆ ಗೊತ್ತಿರ್ಲಿಲ್ಲ ತಾತ. ನಾನು ಮನೇಲಿ ಬೆಳೆದೋಳಲ್ಲ. ಅದು ಅಪ್ಪ ಮಾಡಿದ್ದಲ್ಲ, ನಾನು ಮಾಡಿದ್ದು. ಸರಿ ಮಾಡೋಳೂ ನಾನೇ."

"ಹೆಂಗೆ? ಅಳಿಸ್ತೀಯ?"

"ಅಳಿಯಲ್ಲ. ನಮ್ಮವ್ವ ಪೆಟ್ರೋಲ್ ಹಾಕಿ ತಿಕ್ಕಿದ್ರೂ ಹೋಗಿಲ್ಲ."

ಮತ್ತೆ ನಕ್ಕರು. ಈ ಸಲದ ನಗು ಬೇರೆ ಇತ್ತು. ನಾನು ಟಗರಿನ ವಿಷಯ ಹೇಳಿದೆ. ಕೊಂಡ ಕುರಿಗೆ ಮಾಡುವ ಹಾಗೆ ಹಳೆಯದರ ಮೇಲೆ ಹೊಸದು ಹಾಕುತ್ತೇನೆ, ಒಬ್ಬೊಬ್ಬ ಹುಡುಗನ ಅಂಗಿಗೆ ಅವನವನ ಮನೆಯ ಗುರುತು, ಗುರುತು ಮಾತ್ರ ಅವರು ಕಳಿಸಬೇಕು ಅಂದೆ.

ಹರೀಶ್ ಪಕ್ಕದವನ ಮುಖ ನೋಡಿದ. ನಿಂಗಪ್ಪ ತಾತ ಎದ್ದು ಹೋಗಿ ಬಾಯಲ್ಲಿದ್ದ ಎಲೆಅಡಿಕೆ ಉಗುಳಿ ಬಂದರು.

"ಹುಡುಗರು ಒಪ್ಪಿದ್ರೆ ಹಾಕವ್ವ. ನಮ್ಮನೇದು ಕೊಡೋದು ಬಿಡೋದು ಆಮ್ಯಾಲೆ ನೋಡಾಣ."

ಬರುವಾಗ ಅಪ್ಪ ಗಾಡಿ ಓಡಿಸುತ್ತಾ ಒಂದೇ ಮಾತು ಕೇಳಿದ. ಆಗುತ್ತದಾ ಅಂತ. ಆಗಬೇಕು ಅಂದೆ. ಮೂಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ಹಾಸ್ಟೆಲಿಗೆ ಬಂದಿದ್ದೇನೆ.

ಸೆಪ್ಟೆಂಬರ್ 8, ಸೋಮವಾರ

ತಾಜುದ್ದೀನ್ ಮಾಮು ಮೂಟೆ ನೋಡಿ ಕೈಯೆತ್ತಿದರು. ಮನೆಗೊಂದು ಗುರುತು ಅಂದರೆ ಗುರುತಿಗೊಂದು ಜಾಲರಿ, ಈ ವಾರದಲ್ಲಿ ಆಗದ ಮಾತು. ಬೇಕಾದರೆ ಎಲ್ಲದರ ಮೇಲೂ ಒಂದೇ ಕರಿ ಚೌಕ ಹೊ‍ಡೆದುಕೊಡುತ್ತೇನೆ ಅಂದರು. ಬೇಡ ಅಂದೆ. ಮುಚ್ಚಿಹಾಕಿದ ಹಾಗೆ ಕಾಣಬಾರದು, ಅವರದಾದ ಹಾಗೆ ಕಾಣಬೇಕು. ಸ್ವಲ್ಪ ಮುನಿಸಿಕೊಂಡರು. ಮುನಿಸಿಕೊಳ್ಳಲಿ, ಚಹಾ ಮಾತ್ರ ಕೊಟ್ಟರು.

ಇಷ್ಟು ದಿನ ನಾನು ಕೇಳಿದ ಪ್ರಶ್ನೆ ಯಾವುದು ಗಟ್ಟಿ ಅಂತ. ಈಗಿನ ಪ್ರಶ್ನೆ ಬೇರೆ. ಒಂದೊಂದು ಅಂಗಿಗೆ ಒಂದೊಂದು ಚಿತ್ರ, ಎರಡೇ ದಿನದಲ್ಲಿ, ಕಪ್ಪು ಬಟ್ಟೆಯ ಮೇಲೆ, ಕೆಳಗಿನ ಕೆಂಪು ಕಾಣದಂತೆ. ಅದಕ್ಕೆ ಡಿಟಿಎಫ್ ಒಂದೇ. ಫಿಲ್ಮಿಗೆ ಯಾರ ಗುರುತಾದರೇನು, ಅಕ್ಕಪಕ್ಕ ಕೂರಿಸಿ ಒಂದೇ ಸಲ ತೆಗೆಯಬಹುದು. ಮೂಲೆ ಏಳುತ್ತದೆ ಅಂತ ನಾನೇ ತಳ್ಳಿದ್ದೆ. ಮೂಲೆಯನ್ನು ನೋಡಿಕೊಂಡರಾಯಿತು.

ಹಿರಿಯೂರಿನ ದೀಪಾಗೆ ಫೋನ್ ಮಾಡಿದೆ. ನಾಳೆ ಬನ್ನಿ ಅಂದರು. ಹರೀಶನಿಗೂ ಫೋನ್ ಮಾಡಿ, ಗುರುವಾರದೊಳಗೆ ಎಲ್ಲ ಗುರುತು ಬರಬೇಕು ಅಂದೆ. ನೋಡ್ತೀವಿ ಅಂದ. ನೋಡೋದಲ್ಲ, ಕಳಿಸೋದು ಅಂದೆ.

ಸೆಪ್ಟೆಂಬರ್ 9, ಮಂಗಳವಾರ

ಕ್ಲಾಸ್ ಮುಗಿಸಿಕೊಂಡು ಸಬಾ, ನಾನು ಹಿರಿಯೂರಿಗೆ ಹೋದೆವು. ಐಮಂಗಲದ ಹತ್ತಿರ ಲಾರಿಗಳ ಸಾಲಿನಲ್ಲಿ ಬಸ್ಸು ನಿಂತೇಬಿಟ್ಟಿತು. ಸಬಾ ಮೂಟೆಗೆ ಒರಗಿ ನಿದ್ದೆ ಮಾಡಿದಳು. ಕುರಿ ಕಾಯೋಳಿಗೆ ಫ್ರೆಂಡ್ ಆದ್ರೆ ಹಿಂಗೇ ಆಗೋದು ಅಂತ ಎದ್ದಮೇಲೆ ಬೈದಳು.

ದೀಪಕ್ಕ ಮಾತು ಕಡಿಮೆ, ಕೈ ಚುರುಕು. ಮೊದಲು ಕೆಂಪು ಗುರುತಿನ ಅಳತೆಗೇ ಒಂದು ಕಪ್ಪು ಚೌಕ ತೆಗೆದು ಒತ್ತಿದೆವು. ಅಂಚಿನಲ್ಲಿ ಕೆಂಪು ಇಣುಕಿತು. ಆರಿದ ಮೇಲೆ ಉಗುರು ಹಾಕಿದರೆ ಮೂಲೆಯೂ ಎದ್ದಿತು. ಬಟ್ಟೆಗಾದರೆ ಅಂಟು ಕಚ್ಚಿಕೊಳ್ಳುತ್ತದೆ, ಹಳೆಯ ಬಣ್ಣದ ಮೇಲೆ ಅದಕ್ಕೆ ಹಿಡಿತ ಸಾಲದು.

ಅವ್ವ ಕಂಬಳಿಗೆ ತೇಪೆ ಹಾಕುವುದು ಕಣ್ಣ ಮುಂದೆ ಬಂತು. ತೂತಿನಷ್ಟೇ ತೇಪೆ ಯಾರು ಹಾಕುತ್ತಾರೆ? ತೂತಿಗಿಂತ ಒಂದು ಬೆರಳು ಆಚೆಗೆ ಹೋಗಿ ಗಟ್ಟಿ ಜಾಗ ಹಿಡಿಯುತ್ತಾಳೆ. ಎರಡನೆಯದನ್ನು ಸುತ್ತಲೂ ದೊಡ್ಡದು ಮಾಡಿಸಿದೆ, ಅಂಚೆಲ್ಲ ಬರೀ ಬಟ್ಟೆಯ ಮೇಲೆ ಕೂರುವಂತೆ. ಮೂಲೆಯೇ ಇಲ್ಲದ ಹಾಗೆ ದುಂಡಗೆ, ಮನೆಗಳ ಗುರುತು ಬರುವುದು ಈ ಕಪ್ಪಿನೊಳಗೇ. ಅದನ್ನು ಹಾಸ್ಟೆಲಿಗೆ ತಂದಿದ್ದೇನೆ. ಬೆಳಿಗ್ಗೆ ಕಲ್ಲು ಹೇಳುತ್ತದೆ.

ಸೆಪ್ಟೆಂಬರ್ 10, ಬುಧವಾರ

ಕಲ್ಲು ಪಾಸ್ ಮಾಡಿತು. ಪಕ್ಕದ ರೂಮಿನವರು ಬಡಿದರೂ ಏಳಲಿಲ್ಲ. ಸ್ಕ್ರೀನಿನಷ್ಟು ಕಾಲ ಬಾಳುವುದಿಲ್ಲ, ಅದು ನನಗೆ ಗೊತ್ತು. ಹರೀಶನಿಗೂ ಹೇಳಿದ್ದೇನೆ, ಒಳಗಡೆ ತಿರುಗಿಸಿ ಒಗೆಯಿರಿ, ಏಳಲು ಶುರುವಾದರೆ ತನ್ನಿ, ಮತ್ತೆ ಒತ್ತಿಕೊಡುತ್ತೇನೆ ಅಂತ. ಕುರಿಗಾದರೂ ವರ್ಷಕ್ಕೊಮ್ಮೆ ಗುರುತು ಹೊಸದಾಗಿ ಹಾಕಬೇಕಲ್ಲ.

ಗುರುತುಗಳು ಬರುತ್ತಿವೆ. ಹುಡುಗರು ಪೇಜಿಗೇ ಟ್ಯಾಗ್ ಮಾಡುತ್ತಾರೆ, ತೆರೆದರೆ ಬರೀ ಕುರಿಗಳ ಹಿಂಭಾಗ. ಇನ್ಮೇಲೆ ಇದನ್ನು ನೋಡಿ ಯಾರು ಆರ್ಡರ್ ಕೊಡ್ತಾರೆ ಅಂತ ಸಬಾಳ ಚಿಂತೆ. ಮೂರು ಅಡ್ಡಗೀಟು, ಒಂದು ನೀಲಿ ಗೂಟ, ಕವೆಗೋಲು. ಶಿವು ಅನ್ನುವವನ ಮನೆಯಲ್ಲಿ ಈಗ ಕುರಿ ಇಲ್ಲವಂತೆ, ಮಾರಿ ಎಷ್ಟೋ ವರ್ಷವಾಯಿತಂತೆ. ಅವನ ಅಜ್ಜಿ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದು ತೋರಿಸಿದ್ದಾರೆ. ಬರೆದ ಮೇಲೆ ಬಹಳ ಹೊತ್ತು ಅಲ್ಲೇ ಕುಳಿತಿದ್ದರಂತೆ. ಅವರಿಗೆ ಕಾಣುವಂತೆ ಆ ಗುರುತನ್ನು ಸ್ವಲ್ಪ ದೊಡ್ಡದು ಮಾಡಿದ್ದೇನೆ.

ಜುಬೇರ್ ಫೋನ್ ಮಾಡಿದ. ಟೀಮಿನಲ್ಲಿ ನೆಟ್ಟಿನ ಹತ್ತಿರ ಆಡುವವನು, ಅವರ ಮನೆಯದು ವೆಲ್ಡಿಂಗ್ ಅಂಗಡಿ.

"ಅಕ್ಕ, ಎಲ್ರಿಗೂ ಕುರಿ ಐತೆ, ನಾನೇನ್ ಹಾಕ್ಕಳ್ಲಿ? ಇವ್ರು ನನ್ನ ಇನ್ನೂ ಮುದ್ದಣ್ಣನ ಹಿಂಡು ಅಂತಾರೆ."

ನಿಮ್ಮಪ್ಪ ಮಾಡಿದ್ದು ಅಂತ ನೋಡಿದ ತಕ್ಷಣ ತಿಳಿಯುವಂಥದ್ದು ಏನಿದೆ ಅಂತ ಕೇಳಿದೆ. ಯೋಚಿಸಿ, ಅವರಪ್ಪ ಮಾಡುವ ಗೇಟುಗಳ ಮೂಲೆಯಲ್ಲಿ ಕಬ್ಬಿಣ ಬಗ್ಗಿಸಿ ಹಾಕುವ ಒಂದು ಹೂವಿನ ಫೋಟೊ ಕಳಿಸಿದ. ಐದು ಎಸಳು. ಎಲ್ಲಕ್ಕಿಂತ ಅದೇ ಚೆಂದ ಬಂದಿದೆ, ಯಾರಿಗೂ ಹೇಳಬಾರದು.

ಇಂಟರ್ನಲ್ಸ್ ಇದೆ ಶನಿವಾರ. ಓದಬೇಕು. ಓದುತ್ತೇನೆ.

ಸೆಪ್ಟೆಂಬರ್ 11, ಗುರುವಾರ

ಒಬ್ಬರದು ಬಿಟ್ಟು ಎಲ್ಲರ ಗುರುತೂ ಬಂದಿದೆ. ಬಾರದಿರುವುದು ಕ್ಯಾಪ್ಟನ್ನಿನದು.

ಹರೀಶನ ತಪ್ಪಲ್ಲ. ತಾತ ಇನ್ನೂ ಹೂಂ ಅಂದಿಲ್ಲ. ಕದ್ದು ಫೋಟೊ ತೆಗೆದು ಕಳಿಸಲೇ ಅಂತ ಹರೀಶ್ ಕೇಳಿದ. ಬೇಡ ಅಂದೆ. ಕೇಳದೆ ಗುರುತು ಹಾಕಿದ್ದಕ್ಕೇ ಇಷ್ಟಾಗಿದೆ.

ಅಪ್ಪ ಮತ್ತೋಡಿನ ಹಿಂದಿನ ಬಯಲಲ್ಲೇ ಕುರಿ ಮೇಯಿಸುತ್ತಿದ್ದಾನೆ. ಅಲ್ಲಿ ಮುಳ್ಳು ಬಿಟ್ಟರೆ ಏನಿಲ್ಲ ಅಂತ ಅವ್ವ ಹೇಳಿದಳು. ನಿಂಗಪ್ಪ ಗುರುತು ಕೊಟ್ಟ ದಿನ ಬಾಗೂರಿನ ಕಡೆ ಹೊಡೆಯುತ್ತೇನೆ, ಅಲ್ಲಿವರೆಗೆ ಇಲ್ಲ ಅಂದಿದ್ದಾನಂತೆ. ಮೈಮೇಲೆ ಅದೇ ಪೆಟ್ರೋಲ್ ವಾಸನೆಯ ಅಂಗಿಯಂತೆ.

ದೀಪಕ್ಕ ನಾಳೆ ಬೆಳಿಗ್ಗೆ ಫಿಲ್ಮ್ ತೆಗೆಯುತ್ತಾರೆ. ಮಧ್ಯಾಹ್ನ ಒತ್ತುವುದು, ಶನಿವಾರ ಪರೀಕ್ಷೆ ಮುಗಿಸಿ ಬಸ್ಸಿಗೆ ಹಾಕುವುದು. ನಾಳೆ ತಪ್ಪಿದರೆ ಭಾನುವಾರಕ್ಕೆ ಇಲ್ಲ. ಸಬಾ ಅಂದಳು, ತಾತನಿಗೇ ಮೆಸೇಜ್ ಹಾಕು, ಹಿರಿಯರು, ಸ್ವಲ್ಪ ಬೆಣ್ಣೆ ಹಚ್ಚಿ ಬರಿ ಅಂತ. ಬೆಣ್ಣೆ ಹಚ್ಚಿ ಒಂದು ಬರೆದೆ. ಚೆನ್ನಾಗಿರಲಿಲ್ಲ, ಹಳೆಯ ಉಪ್ಪಿಟ್ಟಿನ ಹಾಗಿತ್ತು. ಅಳಿಸಿ ಇದನ್ನು ಕಳಿಸಿದೆ, ಇಲ್ಲೂ ಬರೆದಿಡುತ್ತೇನೆ.

'ಹರೀಶ್, ಇದನ್ನು ತಾತನಿಗೆ ಓದಿ ಹೇಳಿ. ತಾತ, ನಿಮ್ಮ ಊರಿನ ಎಲ್ಲ ಹುಡುಗರ ಗುರುತೂ ಬಂದಿದೆ, ನಿಮ್ಮ ಮೊಮ್ಮಗನದೊಂದೇ ಬಾಕಿ. ಭಾನುವಾರ ಎಲ್ಲರೂ ಅವರವರ ಮನೆಯ ಗುರುತಿನಲ್ಲಿ ಆಡುತ್ತಾರೆ. ನಿಮ್ಮದು ಬರುವವರೆಗೂ ಕ್ಯಾಪ್ಟನ್ನಿನ ಅಂಗಿ ಮುದ್ದಣ್ಣನ ಹಿಂಡಿನಲ್ಲೇ ಇರುತ್ತದೆ, ಚೆನ್ನಾಗಿ ನೋಡಿಕೊಳ್ಳುತ್ತೇವೆ. ಬಿಡಿಸಿಕೊಂಡು ಹೋಗಬೇಕಾದರೆ ನೀವು ಒಪ್ಪಿ, ಕುರಿಯ ಎಡಗಡೆ ನಿಂತು, ಬಿಸಿಲು ಬೆನ್ನಿಗಿರುವಂತೆ ಒಂದು ಫೋಟೊ ತೆಗೆಸಿ. ನಾಳೆ ಬೆಳಿಗ್ಗೆ ಒಂಬತ್ತರೊಳಗೆ ನನಗೆ ಸಿಗಬೇಕು. ಬೇಗ ಉತ್ತರ ಕಳಿಸಿ. ಯಮುನಾ, ಮುದ್ದಣ್ಣನ ಮಗಳು.'